ಬಲಗೈಯಲ್ಲಿ ಒಂದು ಕಪ್ಪು ಚೀಲ

ಕಫ್ರ್ ದರ್ವಿಶಾ ಠಾಣೆಯ ರೈಟರ್ ವಗ್ದಿಯಷ್ಟು ಬೇಗ ಮಹಜರು ಬರೆಯುವವನು ಆ ಸುತ್ತಿನಲ್ಲೇ ಇರಲಿಲ್ಲ. ನಿಜ ಹೇಳಬೇಕೆಂದರೆ ಅವನು ಬರೆಯುತ್ತಲೇ ಇರಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ಎರಡಕ್ಷರ ಒತ್ತಿ ಸ್ಪೇಸ್ ಕೀಲಿ ತಟ್ಟುತ್ತಿದ್ದ, ಅಷ್ಟೇ. ಇಡೀ ವಾಕ್ಯ ತಾನಾಗಿ ಬಂದು ಕೂರುತ್ತಿತ್ತು. ‘ಮೀಮ್, ಕಾಫ್’ ಎಂಬ ಅರಬ್ಬಿ ಅಕ್ಷರ ಒತ್ತಿದರೆ, “ನಾವು ಗಸ್ತಿನಲ್ಲಿದ್ದಾಗ ಸದರಿ ಆರೋಪಿಯು ರಸ್ತೆಯ ಬದಿಯಲ್ಲಿ ನಿಂತಿದ್ದು, ತನ್ನ ಬಲಗೈಯಲ್ಲಿ ಒಂದು ಕಪ್ಪು ಪ್ಲಾಸ್ಟಿಕ್ ಚೀಲವನ್ನು ಹಿಡಿದುಕೊಂಡಿದ್ದು, ನಮ್ಮನ್ನು ಕಂಡೊಡನೆ ಗಾಬರಿಗೊಂಡು ಪರಾರಿಯಾಗಲು ಯತ್ನಿಸಿದನು.” ‘ಐನ್, ತಾ’ ಒತ್ತಿದರೆ, “ವಿಚಾರಿಸಲಾಗಿ ಚೀಲದಲ್ಲಿದ್ದ ಚರಸ್ ತನ್ನದೇ ಎಂದೂ, ಮಾರಾಟಕ್ಕಾಗಿ ಇಟ್ಟುಕೊಂಡಿದ್ದೆನೆಂದೂ ಒಪ್ಪಿಕೊಂಡನು.” ಹೆಸರು, ತಂದೆಯ ಹೆಸರು, ತಾರೀಕು, ಬೀದಿ, ಇಷ್ಟನ್ನು ತುಂಬಿದರೆ ಒಬ್ಬ ಮನುಷ್ಯನ ಕಥೆ ಮುಗಿಯಿತು. ಮುಂದಿಟ್ಟ ಚಹಾ ಆರುವುದರೊಳಗೆ ಪ್ರಿಂಟರು ಕಾಗದ ಉಗುಳುತ್ತಿತ್ತು.

ಮೊದಲೆಲ್ಲ ಕೈಯಲ್ಲೇ ಬರೆಯಬೇಕಿತ್ತು. ಅದೇ ವಾಕ್ಯ, ಅದೇ ಚೀಲ, ಅದೇ ಗಾಬರಿ, ಬರೆದೂ ಬರೆದೂ ವಗ್ದಿಯ ಬೆರಳು ಜಡ್ಡುಗಟ್ಟಿದ್ದವು. ಕಂಪ್ಯೂಟರ್ ಬಂದ ಮೇಲೆ, ಪದೇ ಪದೇ ಬೇಕಾಗುವ ವಾಕ್ಯಗಳನ್ನು ಅದರೊಳಗೆ ಕೂಡಿಟ್ಟು ಎರಡಕ್ಷರಕ್ಕೆ ಕರೆಯಬಹುದು ಎಂಬ ಉಪಾಯವನ್ನು ಅವನು ಯಾರ ಸಹಾಯವೂ ಇಲ್ಲದೆ ತಾನೇ ಕಂಡುಕೊಂಡ. ಆವತ್ತು ಅವನಿಗಾದ ಖುಷಿ ಅಷ್ಟಿಷ್ಟಲ್ಲ. ಊರೆಲ್ಲ ಹಂಚಿದ. ಪಕ್ಕದ ಠಾಣೆಯವರು ಪೆನ್‌ಡ್ರೈವ್ ಹಿಡಿದುಕೊಂಡು ಬಂದು ಅವನ ವಾಕ್ಯಗಳನ್ನೆಲ್ಲ ತುಂಬಿಸಿಕೊಂಡು ಹೋದರು. ಪ್ರಾಸಿಕ್ಯೂಟರ್ ಕಚೇರಿಯ ಗುಮಾಸ್ತನಿಗೂ, ಕೋರ್ಟಿನ ಗುಮಾಸ್ತನಿಗೂ ಅವನೇ ಪಕ್ಕದಲ್ಲಿ ಕೂತು ಹೇಳಿಕೊಟ್ಟ. ವಕೀಲ ಫಿಕ್ರಿ ಕೂಡ ಒಂದು ಶುಕ್ರವಾರ ಮನೆಗೆ ಬಾತುಕೋಳಿ ಊಟಕ್ಕೆ ಕರೆದು, ಕೈ ತೊಳೆದ ಮೇಲೆ ಕಲಿತುಕೊಂಡ. ಎಲ್ಲರೂ ಅವನನ್ನು ‘ಉಸ್ತಾದ್’ ಎಂದರು. ಬಡ ರೈಟರನಿಗೆ ಅದಕ್ಕಿಂತ ಇನ್ನೇನು ಬೇಕು?

ಹಾಗಂತ ಅವನು ಬೇಕಾಬಿಟ್ಟಿ ಕೆಲಸ ಮಾಡುವವನಲ್ಲ. ವಾಕ್ಯ ಬಂದು ಕೂತ ಮೇಲೆ ಕಣ್ಣಾಡಿಸಿ ತಿದ್ದುತ್ತಿದ್ದ. ಹೆಂಗಸಾದರೆ ‘ಆರೋಪಿತಳು’ ಎಂದು ಮಾಡುತ್ತಿದ್ದ. ಜುಬ್ಬದವನಾದರೆ ಪ್ಯಾಂಟಿನ ಜೇಬನ್ನು ತೆಗೆಯುತ್ತಿದ್ದ. ಸುಳ್ಳಾದರೂ ಮೈಗೆ ಹೊಂದುವಂತೆ ಇರಬೇಕು ಎಂಬುದು ಅವನ ವೃತ್ತಿಧರ್ಮ. ಅಯ್ಯೋ, ಎಂಥಾ ಧರ್ಮ!

ಠಾಣೆಯ ಎದುರಿಗೆ ಶೆಹಾತನ ಫೂಲ್ ಬಂಡಿ. ಫೂಲ್ ಎಂದರೆ ರಾತ್ರಿಯಿಡೀ ಹಂಡೆಯಲ್ಲಿ ಬೆಂದು ಬೆಣ್ಣೆಯಂತಾದ ಕಾಳು, ಮೇಲೆ ಎಣ್ಣೆ, ಜೀರಿಗೆ, ನಿಂಬೆಹುಳಿ, ಜೊತೆಗೆ ಬಿಸಿ ರೊಟ್ಟಿ. ಠಾಣೆಯ ಮಂದಿಯೆಲ್ಲ ಬೆಳಗ್ಗೆ ಅಲ್ಲೇ ನಿಂತು ತಿನ್ನುವವರು. ಶೆಹಾತನಿಗೆ ಬಲಗೈ ಇರಲಿಲ್ಲ. ಹುಡುಗನಾಗಿದ್ದಾಗ ಕಬ್ಬಿನ ಹಾಲಿನ ಅಂಗಡಿಯಲ್ಲಿ ಕೆಲಸಕ್ಕಿದ್ದ. ಒಂದು ದಿನ ಗಾಣ ಕಬ್ಬಿನ ಜೊತೆ ಅವನ ಕೈಯನ್ನೂ ಮೊಣಕೈವರೆಗೆ ಎಳೆದುಕೊಂಡಿತು. ಅಂದಿನಿಂದ ಸೌಟು, ರೊಟ್ಟಿ, ಈರುಳ್ಳಿ, ನಿಂಬೆ ಎಲ್ಲವೂ ಎಡಗೈಯಲ್ಲೇ. ಜುಬ್ಬದ ಬಲತೋಳನ್ನು ಒಳಕ್ಕೆ ಮಡಚಿ ಪಿನ್ ಹಾಕಿರುತ್ತಿದ್ದ.

ಹೊಸದಾಗಿ ಬಂದ ಪೇದೆ ಯಾರಾದರೂ, “ಬಲಗೈ ಎಲ್ಲಿ ಹೋಯ್ತೋ ಶೆಹಾತ?” ಎಂದು ಕೇಳಿದರೆ ಅವನದು ಒಂದೇ ಉತ್ತರ. “ಗಿರಾಕಿ ಕುಡಿದುಬಿಟ್ಟ ಸಾಮಿ. ಇವತ್ತು ಹಾಲು ಬಲು ಸಿಹಿ ಅಂತ ಇನ್ನೊಂದು ಲೋಟ ಬೇರೆ ಕೇಳಿದ.”

ವಗ್ದಿಯನ್ನು ಕಂಡರೆ ಅವನಿಗೆ ಸಲಿಗೆ. “ಉಸ್ತಾದ್, ನಿಂಬೆ ಜಾಸ್ತಿ ಹಿಂಡ್ಲಾ? ಮುಖ ನೋಡಿದ್ರೆ ಮನೇಲಿ ಬೈಸಿಕೊಂಡು ಬಂದಂಗಿದೆ.”

“ನಿನ್ನ ಬಾಯಿಗೆ ಹಿಂಡ್ಕೋ ಮೊದ್ಲು,” ಎನ್ನುತ್ತಿದ್ದ ವಗ್ದಿ, ನಗುತ್ತ. ಹೀಗೆ ವರ್ಷಗಟ್ಟಲೆ ನಡೆದಿತ್ತು.

ಆಮೇಲೆ ಬಾಹೆರ್ ಎಂಬ ಹೊಸ ಅಧಿಕಾರಿ ಬಂದ. ಎಳೆಯ ವಯಸ್ಸು, ಘಮಘಮ ಸೆಂಟು, ಎಲ್ಲರ ಬಾಯಲ್ಲೂ ‘ಪಾಷಾ’. ಅವನು ಬಂಡಿಯ ಬಳಿ ನಿಂತು ತಿನ್ನುವವನಲ್ಲ, ಪೇದೆ ತಟ್ಟೆಯನ್ನು ಮಹಡಿಗೆ ಒಯ್ಯಬೇಕು. ಒಂದು ದಿನ ಶೆಹಾತನನ್ನು ಮೇಲಕ್ಕೆ ಕರೆಸಿದ. ಶೆಹಾತ ಬಲತೋಳನ್ನು ಬೆನ್ನ ಹಿಂದಿಟ್ಟು ತಲೆ ತಗ್ಗಿಸಿ ನಿಂತ. ಬಾಹೆರ್ ಎದುರಿದ್ದವರ ಮುಖವನ್ನೇ ಸರಿಯಾಗಿ ನೋಡುವವನಲ್ಲ, ಇನ್ನು ಕೈ ನೋಡುತ್ತಾನೆಯೇ?

“ನಿನ್ನ ಬಂಡಿ ಹತ್ರ ಇಡೀ ಬೀದಿ ಬಾಯಿ ಬಿಡುತ್ತಂತೆ. ಯಾರು ಏನು ಮಾತಾಡ್ತಾರೆ, ವಾರಕ್ಕೊಂದ್ಸಲ ಬಂದು ನನಗೆ ಹೇಳು,” ಎಂದ ಬಾಹೆರ್.

“ಪಾಷಾ, ನನ್ನ ಬಂಡಿ ಹತ್ರ ಬಾಯಿ ಬಿಡೋದು ಫೂಲ್ ತಿನ್ನೋಕೆ. ಬಾಯ್ತುಂಬ ಇಟ್ಕೊಂಡು ಏನು ಗೊಣಗ್ತಾರೋ ನಂಗೆ ತಿಳಿಯೋದೇ ಇಲ್ಲ.”

ಬಾಗಿಲ ಬಳಿ ನಿಂತಿದ್ದ ಪೇದೆ ಕಿಸಕ್ಕನೆ ನಕ್ಕುಬಿಟ್ಟ. ಶೆಹಾತನಿಗೆ ಮುಳುವಾದದ್ದು ಅವನು ಆಡಿದ ಮಾತಲ್ಲ, ಆ ನಗು. ಬಾಹೆರ್ “ಹೋಗು” ಎಂದ.

ತಿಂಗಳ ಕೊನೆಗೆ ಮೇಲಿನವರಿಗೆ ಕೇಸುಗಳ ಲೆಕ್ಕ ಒಪ್ಪಿಸಬೇಕು. ಆ ಬೆಳಗ್ಗೆ ಇಬ್ಬರು ಪೇದೆಗಳು ಬಂಡಿಯ ಬಳಿ ಹೋಗಿ, ತಿನ್ನುತ್ತಿದ್ದ ಗಿರಾಕಿಗಳ ಎದುರಿಗೇ ಶೆಹಾತನ ಕತ್ತಿನಪಟ್ಟಿ ಹಿಡಿದು ಎಳೆದುಕೊಂಡು ಬಂದರು. ಸೌಟು ಹಂಡೆಯೊಳಗೇ ಮುಳುಗಿತು. ಬಾಹೆರ್ ಮಹಡಿ ಇಳಿದು ವಗ್ದಿಯ ಮೇಜಿನ ಬಳಿ ಬಂದ.

“ವಗ್ದೀ, ಒಂದು ಬರಿ. ಚರಸ್, ಮಾರಾಟಕ್ಕೆ. ಶೆಹಾತನ ಹೆಸರಲ್ಲಿ.”

ವಗ್ದಿ ಕುರ್ಚಿಯಿಂದ ಎದ್ದ. “ಪಾಷಾ, ಅವನು ನಮ್ಮ ಫೂಲ್‌ನವನು...”

“ಗೊತ್ತಯ್ಯಾ. ಉಪ್ಪು ಜಾಸ್ತಿ ಹಾಕ್ತಾನೆ. ಬರಿ.”

“ಇಷ್ಟು ವರ್ಷದಿಂದ ನೋಡ್ತಿದ್ದೀನಿ ಪಾಷಾ, ಸಿಗರೇಟು ಕೂಡ ಸೇದಲ್ಲ...”

“ಏನು, ಅವನ ಜೊತೆ ನಿನ್ನ ಹೆಸರೂ ಸೇರಿಸ್ಬೇಕಾ? ಪಾಲುದಾರ ಅಂತ?” ಬಾಹೆರ್ ನಗುತ್ತಲೇ ಕೇಳಿದ. ಅವನು ನಗುತ್ತ ಹೇಳಿದ್ದನ್ನೂ ಮಾಡಿ ತೋರಿಸುವವನು ಎಂದು ಠಾಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ವಗ್ದಿ ಕೂತ. ಮೀಮ್, ಕಾಫ್, ಸ್ಪೇಸ್. ವಾಕ್ಯ ಬಂತು. “...ತನ್ನ ಬಲಗೈಯಲ್ಲಿ ಒಂದು ಕಪ್ಪು ಪ್ಲಾಸ್ಟಿಕ್ ಚೀಲವನ್ನು ಹಿಡಿದುಕೊಂಡಿದ್ದು...”

ಅಭ್ಯಾಸದಂತೆ ಅವನ ಬೆರಳು ತಿದ್ದಲು ಹೋಯಿತು. ಬಲ ಅಳಿಸಿ ಎಡ ಎಂದರೆ ಮುಗಿಯಿತು. ಬೆರಳು ಕೀಲಿಯ ಮೇಲೆ ಹಾಗೇ ನಿಂತಿತು. ಇದನ್ನು ಹೀಗೇ ಬಿಟ್ಟರೆ? ಮೊದಲು ಓದುವವನೇ ಬಿದ್ದು ಬಿದ್ದು ನಗುತ್ತಾನೆ. ಕೈಯೇ ಇಲ್ಲದವನು ಕೈಯಲ್ಲಿ ಚೀಲ ಹಿಡಿದಿದ್ದನೇ ಎಂದು ಕೇಸನ್ನು ಕಸದ ಬುಟ್ಟಿಗೆ ಎಸೆಯುತ್ತಾನೆ. ಶೆಹಾತ ಮನೆಗೆ ಬರುತ್ತಾನೆ. ವಗ್ದಿಯ ಹೆಸರು ಎಲ್ಲಿಯೂ ಬರುವುದಿಲ್ಲ. ಯಾರಾದರೂ ಕೇಳಿದರೂ, ಕಂಪ್ಯೂಟರಿನ ವಾಕ್ಯ, ತಾನಾಗಿ ಬಂತು ಎಂದರಾಯಿತು.

ಅವನು ಬೆರಳು ಹಿಂದಕ್ಕೆ ತೆಗೆದ. ಬಾಹೆರ್ ನಿಂತಲ್ಲೇ ಸಹಿ ಗೀಚಿದ. ಓದಲಿಲ್ಲ. ಓದುವುದಿಲ್ಲವೆಂದು ವಗ್ದಿಗೆ ಗೊತ್ತಿತ್ತು. ಅಂದು ಮನೆಗೆ ಹೋಗುವಾಗ ಅವನಿಗೆ ತಾನೂ ಒಬ್ಬ ಗಂಡಸು ಎನಿಸಿತು. ಯಾರಿಗೂ ಗೊತ್ತಾಗದ ಹಾಗೆ ಒಬ್ಬನ ಪ್ರಾಣ ಉಳಿಸಿದ್ದೇನೆ ಎಂದುಕೊಂಡ.

ಕೇಸು ಪ್ರಾಸಿಕ್ಯೂಟರ್ ಕಚೇರಿಗೆ ಹೋಯಿತು. ಅಲ್ಲಿಯ ಯುವ ಪ್ರಾಸಿಕ್ಯೂಟರನ ಮುಂದೆ ಕಡತಗಳ ರಾಶಿ. ಮೇಜಿನಾಚೆ ಶೆಹಾತನನ್ನು ನಿಲ್ಲಿಸಿದರು. “ಆರೋಪಕ್ಕೆ ಏನಂತೀಯ?” ಎಂದು ತಲೆ ಎತ್ತದೆ ಕೇಳಿದ. “ಸುಳ್ಳು ಸಾಮಿ, ದೇವರಾಣೆ ಸುಳ್ಳು,” ಎಂದ ಶೆಹಾತ. ಮಹಜರಿನಲ್ಲಿ ಏನಿದೆ ಎಂದು ಅವನಿಗೆ ಯಾರೂ ಓದಿ ಹೇಳಲಿಲ್ಲ. ಗುಮಾಸ್ತ ಎರಡಕ್ಷರ ಒತ್ತಿದ. “ಆರೋಪಿಯು ಆರೋಪವನ್ನು ನಿರಾಕರಿಸಿ, ತನ್ನ ಬಲಗೈ ಹೆಬ್ಬೆಟ್ಟಿನ ಗುರುತು ಹಾಕಿದನು.” ಶೆಹಾತ ಎಡ ಹೆಬ್ಬೆಟ್ಟು ಒತ್ತಿದ. ಮತ್ತೆ ಲಾಕಪ್ಪಿಗೆ ಹಾಕಿದರು.

ಕಡತದ ಪ್ರತಿ ಠಾಣೆಗೆ ಬಂದಾಗ ವಗ್ದಿ ಅದನ್ನು ಓದಿ ಮೊದಲು ಬೆಚ್ಚಿದ, ಆಮೇಲೆ ಸಮಾಧಾನ ಮಾಡಿಕೊಂಡ. ಒಂದಿದ್ದ ಬಲಗೈ ಈಗ ಎರಡಾಯಿತು. ಇನ್ನು ವಕೀಲ ಕುರುಡನಾಗಿದ್ದರೂ ಕಣ್ಣಿಗೆ ಬೀಳದೆ ಇರುವುದಿಲ್ಲ.

ಬಂಡಿಯನ್ನು ಈಗ ಶೆಹಾತನ ಹೆಂಡತಿ ಇಹ್ಸಾನ್ ನಡೆಸುತ್ತಿದ್ದಳು. ಓದು ಬರಹ ಬಾರದವಳು. ಕಿವಿಯೋಲೆ ಮಾರಿ ಫಿಕ್ರಿಯನ್ನು ವಕೀಲನಾಗಿ ಹಿಡಿದಿದ್ದಳು. ವಗ್ದಿ ರೊಟ್ಟಿ ಮುರಿಯುತ್ತ ಮೆಲ್ಲಗೆ ಹೇಳಿದ, “ಇಹ್ಸಾನಮ್ಮ, ವಕೀಲರಿಗೆ ಹೇಳು, ಮಹಜರು ಪೂರಾ ಓದ್ಬೇಕು ಅಂತ. ಒಂದೊಂದು ಸಾಲೂ.”

“ಹೇಳ್ದೆ ಅಣ್ಣ. ಓದದೆ ವಕೀಲಿ ಮಾಡ್ತೀನೇನಮ್ಮ ಅಂತ ನನ್ನನ್ನೇ ಗದರಿದ್ರು.” ಅವಳು ಅವನ ಬಟ್ಟಲಿಗೆ ಇನ್ನೊಂದು ಸೌಟು ಬಡಿಸಿದಳು. “ನೀವೊಬ್ರೇ ಅಣ್ಣ ನಮ್ಮನ್ನ ಕೇಳೋರು. ಮಿಕ್ಕೋರೆಲ್ಲ ತಿಂದು ಬಾಯಿ ಒರೆಸ್ಕೊಂಡು ಹೋಗ್ತಾರೆ.”

ವಗ್ದಿ ಬಟ್ಟಲನ್ನು ಅರ್ಧಕ್ಕೇ ಬಿಟ್ಟ. ಅವನು ಫಿಕ್ರಿಯ ಆಫೀಸಿಗೇ ಹೋದ. ಹೇಳಿಬಿಡಬೇಕು ಎಂದೇ ಹೋದ. ಆದರೆ ಫಿಕ್ರಿ ಮತ್ತು ಬಾಹೆರ್ ವಾರಕ್ಕೊಮ್ಮೆ ಕಾಫಿ ಅಂಗಡಿಯಲ್ಲಿ ಪಗಡೆ ಆಡುವ ಸ್ನೇಹಿತರು. ಇವನಿಗೆ ಹೇಳಿದ್ದು ಅವನ ಕಿವಿಗೆ ಬೀಳಲು ಎಷ್ಟು ಹೊತ್ತು? ವಗ್ದಿ ಅಡ್ಡಗೋಡೆಯ ಮೇಲೆ ದೀಪವಿಟ್ಟ.

“ಫಿಕ್ರಿ ಸಾಹೇಬ್ರೇ, ಆ ಶೆಹಾತನ ಮಹಜರು ಸ್ವಲ್ಪ ನೋಡಿ. ಶುರುವಿನ ಸಾಲುಗಳನ್ನ.”

“ಏನಿದೆ ಅದರಲ್ಲಿ?”

“ಏನಿಲ್ಲ... ನೋಡಿ, ಅಷ್ಟೇ.”

ಫಿಕ್ರಿ ಗಹಗಹಿಸಿ ನಕ್ಕ. “ಉಸ್ತಾದ್, ನಿಮ್ಮ ಮಹಜರು ನನಗೆ ಬಾಯಿಪಾಠ ಕಣ್ರೀ! ರಸ್ತೆ ಬದಿ, ಕಪ್ಪು ಚೀಲ, ಗಾಬರಿ. ಅದಕ್ಕೆ ನನ್ನ ಉತ್ತರವೂ ರೆಡಿ. ನೀವೇ ತಾನೆ ಕಲಿಸಿದ್ದು? ಎರಡಕ್ಷರ ಒತ್ತಿದ್ರೆ ಹನ್ನೆರಡು ಪುಟ! ಚಹಾ ಕುಡೀರಿ, ಆರಿಹೋಗುತ್ತೆ.”

ವಗ್ದಿ ಚಹಾ ಕುಡಿದು ಎದ್ದು ಬಂದ. ಬರುವಾಗ ದಾರಿಯುದ್ದಕ್ಕೂ, ಹೇಳಿದೆನಲ್ಲ, ಇನ್ನು ಓದುತ್ತಾನೆ ಬಿಡು, ಎಂದು ತನಗೆ ತಾನೇ ಹೇಳಿಕೊಂಡ.

ವಿಚಾರಣೆಯ ದಿನ ರಜೆ ಹಾಕಿ ಕೋರ್ಟಿಗೆ ಹೋದ. ಒಂದು ಬದಿಗೆ ಕಬ್ಬಿಣದ ಪಂಜರ, ಅದರೊಳಗೆ ಆ ದಿನದ ಆರೋಪಿಗಳೆಲ್ಲ ಒತ್ತೊತ್ತಾಗಿ. ಶೆಹಾತ ಎಡಗೈಯಲ್ಲಿ ಸರಳು ಹಿಡಿದು ನಿಂತಿದ್ದ. ಇಳಿದುಹೋಗಿದ್ದ. ವಗ್ದಿಯನ್ನು ಕಂಡದ್ದೇ ಮುಖ ಅರಳಿತು.

“ಉಸ್ತಾದ್! ನೀವೂ ಬಂದ್ರಾ! ಇನ್ನು ನನಗೇನು ಭಯ ಬಿಡಿ.”

“ಸದ್ದು!” ಎಂದ ಪೇದೆ.

ಇಹ್ಸಾನ್ ಪಕ್ಕದಲ್ಲಿ ನಿಂತು ತುಟಿ ಅಲುಗಿಸುತ್ತ ಪ್ರಾರ್ಥನೆ ಮಾಡುತ್ತಿದ್ದಳು. ಫಿಕ್ರಿ ಎದ್ದ. ಗೌನು ಕೊಡವಿಕೊಂಡ. ಬಂಧನ ಕ್ರಮಬದ್ಧವಲ್ಲ, ಸಾಕ್ಷಿ ಹೇಳುವವರು ಪೊಲೀಸರೇ, ಘಟನೆ ನಂಬಲರ್ಹವಲ್ಲ ಎಂದು ಗಡಗಡ ಓದುತ್ತ ಹೋದ. ಧ್ವನಿ ಚೆನ್ನಾಗಿತ್ತು. ವಗ್ದಿ ಒಂದೇ ಒಂದು ಪದಕ್ಕಾಗಿ ಕಾದ. ಕೈ. ಕೈ ಅನ್ನು. ಕೈ ಅನ್ನೋ ಮಾರಾಯ. ಫಿಕ್ರಿ ಕೊನೆಯ ಪುಟಕ್ಕೆ ಬಂದ. “ಸ್ವಾಮಿ, ನನ್ನ ಕಕ್ಷಿದಾರನು ವಿದ್ಯಾರ್ಥಿ. ಮುಂದಿನ ತಿಂಗಳು ಪರೀಕ್ಷೆ ಇದೆ. ಅವನ ಭವಿಷ್ಯ ಹಾಳಾಗಬಾರದು.”

ಪಂಜರದಲ್ಲಿ ಯಾರೋ ಶೆಹಾತನ ಬೆನ್ನು ತಟ್ಟಿ, “ಪಾಸಾಗಪ್ಪ, ಪಾಸಾಗು!” ಎಂದರು. ನಗು ಎದ್ದಿತು. ನರೆತ ಮೀಸೆಯ ಶೆಹಾತ ಬೆಪ್ಪಾಗಿ ಫಿಕ್ರಿಯನ್ನು ನೋಡಿದ, ಆಮೇಲೆ ವಗ್ದಿಯನ್ನು ನೋಡಿದ. ನ್ಯಾಯಾಧೀಶರು ಮೇಜು ಕುಟ್ಟಿದರು. “ಇನ್ನೇನಾದರೂ ಹೇಳುವುದಿದೆಯೇ?”

ಇದೇ ಹೊತ್ತು. ಒಂದು ಮಾತು. ಸ್ವಾಮಿ, ಅವನ ತೋಳು ನೋಡಿ. ವಗ್ದಿ ಬಾಯಿ ತೆರೆದ. ಬಾಗಿಲ ಬಳಿ ಬಾಹೆರ್ ಬೇರೆ ಕೇಸಿನ ಸಾಕ್ಷಿಗೆ ಬಂದವನು ಗೋಡೆಗೊರಗಿ ಮೊಬೈಲ್ ನೋಡುತ್ತಿದ್ದ. ವಗ್ದಿ ತೆರೆದ ಬಾಯಿ ಮುಚ್ಚಿಕೊಂಡ.

“ಏನಿಲ್ಲ ಸ್ವಾಮಿ,” ಎಂದ ಫಿಕ್ರಿ.

ಮಧ್ಯಾಹ್ನ ತೀರ್ಪು ಬಂತು. ಆರು ವರ್ಷ. ಇಹ್ಸಾನ್ ನಿಂತಲ್ಲೇ ಕುಸಿದಳು. ಶೆಹಾತ ಕೂಗಾಡಲಿಲ್ಲ. ಪಂಜರದಿಂದ ಹೊರಗೆ ಎಳೆಯುವಾಗ, “ಬಂಡಿ ಚಕ್ರಕ್ಕೆ ಎಣ್ಣೆ ಬಿಡಿಸೇ,” ಎಂದು ಹೆಂಡತಿಗೆ ಹೇಳಿದ.

ಮಾರನೆಯ ದಿನ ವಗ್ದಿ ಆ ವಾಕ್ಯವನ್ನು ಕಂಪ್ಯೂಟರಿನಿಂದ ಅಳಿಸಿಹಾಕಿದ. ಮತ್ತೆ ಎಂದೂ ಬರಬಾರದು ಎಂದು ಹುಡುಕಿ ಹುಡುಕಿ ಅಳಿಸಿದ. ಬಾಹೆರ್ ಒಂದು ಮಹಜರು ಕೇಳಿದಾಗ, “ವಾಕ್ಯ ಹೋಗ್ಬಿಟ್ಟಿದೆ ಪಾಷಾ, ಕಂಪ್ಯೂಟರ್ ಕೆಟ್ಟಿತ್ತು,” ಎಂದ. “ಅಷ್ಟೇ ತಾನೆ?” ಎಂದು ಬಾಹೆರ್ ಪಕ್ಕದ ಠಾಣೆಗೆ ಫೋನು ಮಾಡಿದ. ಊಟದ ಹೊತ್ತಿಗೆ ಪೇದೆಯೊಬ್ಬ ಪೆನ್‌ಡ್ರೈವ್ ತಂದು ಮೇಜಿನ ಮೇಲಿಟ್ಟ. ವಗ್ದಿಯ ವಾಕ್ಯಗಳೆಲ್ಲ ಒಂದಕ್ಷರವೂ ಬದಲಾಗದೆ ಮನೆಗೆ ಮರಳಿದವು.

ಕೆಲವು ವಾರಗಳ ಮೇಲೆ ತೀರ್ಪಿನ ಪ್ರತಿ ಇಹ್ಸಾನ್‌ಳ ಕೈಸೇರಿತು. ಅದನ್ನು ಓದಿಸಿಕೊಳ್ಳಲು ಅವಳು ಬೇರೆ ಯಾರ ಬಳಿಗೂ ಹೋಗಲಿಲ್ಲ. ಬೆಳಗ್ಗೆ ವಗ್ದಿ ಬಂಡಿಯ ಬಳಿ ಬಂದಾಗ ಸೆರಗಿನಲ್ಲಿ ಕೈ ಒರೆಸಿಕೊಂಡು ಕಾಗದ ಕೊಟ್ಟಳು. “ಓದಿ ಅಣ್ಣ. ಯಾಕೆ ಹಾಕಿದ್ರು ಅಂತ ನನಗೂ ತಿಳೀಲಿ.”

ವಗ್ದಿ ಓದಿದ. “...ನ್ಯಾಯಾಲಯದ ಅಂತಃಸಾಕ್ಷಿಗೆ ಪೂರ್ಣ ತೃಪ್ತಿಯಾಗಿರುವಂತೆ, ಸದರಿ ಆರೋಪಿಯು ರಸ್ತೆಯ ಬದಿಯಲ್ಲಿ ನಿಂತಿದ್ದು, ತನ್ನ...” ದಾಟಿಸಿ ಓದಿದರೆ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಆದರೂ ಓದಿದ. “ತನ್ನ ಬಲಗೈಯಲ್ಲಿ ಒಂದು ಕಪ್ಪು ಪ್ಲಾಸ್ಟಿಕ್ ಚೀಲವನ್ನು ಹಿಡಿದುಕೊಂಡಿದ್ದು...”

“ಯಾವ ಕೈಲಿ?”

“ಬಲಗೈಲಿ.”

ಇಹ್ಸಾನ್ ಬಿದ್ದು ಬಿದ್ದು ನಕ್ಕಳು, ಕಣ್ಣಲ್ಲಿ ನೀರು. “ಬಲಗೈಯಂತೆ! ನನ್ನ ಗಂಡನ ಬಲಗೈಯಂತೆ! ಕೇಳಿದ್ರಾ ಎಲ್ಲರೂ? ಅಣ್ಣ, ಹಾಗಾದ್ರೆ ಇದು ಸುಳ್ಳು ಅಂತ ಇಲ್ಲೇ ಬರೆದಿದೆಯಲ್ಲ! ಬಿಟ್ಟುಬಿಡ್ತಾರಲ್ಲ ಅವರನ್ನ!” ಹಂಡೆಯನ್ನು ಗಿರಾಕಿಗಳ ವಶಕ್ಕೆ ಬಿಟ್ಟು, ಕಾಗದ ಎದೆಗವಚಿಕೊಂಡು ಫಿಕ್ರಿಯ ಆಫೀಸಿಗೆ ಓಡಿದಳು. ವಗ್ದಿಯ ಎದೆಯಲ್ಲೂ ಏನೋ ಹಗುರಾಯಿತು. ತಡವಾದರೂ ಆ ಸಾಲನ್ನು ಗಮನಿಸಿದವರು ಒಬ್ಬರು ಸಿಕ್ಕರಲ್ಲ ಎನಿಸಿತು.

ಮಾರನೆಯ ಬೆಳಗ್ಗೆ ಅವಳು ಬಂಡಿಯ ಹಿಂದೆ ತಲೆ ಎತ್ತದೆ ಈರುಳ್ಳಿ ಹೆಚ್ಚುತ್ತಿದ್ದಳು. ವಗ್ದಿ ಕೇಳುವ ಮೊದಲೇ ಹೇಳಿದಳು.

“ಆಗಲ್ವಂತೆ. ಅದನ್ನ ಆ ಜಡ್ಜ್ ಮುಂದೇನೇ ಹೇಳ್ಬೇಕಿತ್ತಂತೆ. ಅಲ್ಲಿ ಎತ್ತದೆ ಇದ್ದ ಮಾತನ್ನ ಮೇಲಿನ ಕೋರ್ಟು ಕಿವಿಗೇ ಹಾಕ್ಕೊಳ್ಳಲ್ವಂತೆ. ಅವತ್ತು ಯಾರಾದ್ರೂ ಒಬ್ರು ಒಂದು ಮಾತು ಅಂದಿದ್ರೆ ಸಾಕಿತ್ತು ಅಂದ್ರು ವಕೀಲರು.”

ವಗ್ದಿ ಕೈಯಲ್ಲಿದ್ದ ರೊಟ್ಟಿಯನ್ನು ಮುಂದಿದ್ದ ಫೂಲ್ ಬಟ್ಟಲಿನ ಪಕ್ಕಕ್ಕಿಟ್ಟ.

“ಇನ್ನೊಂದು ಮಾತೂ ಹೇಳಿದ್ರು. ಆ ಸಾಲು ನೀವು ಕಟ್ಟಿದ್ದಂತೆ. ಎಲ್ಲರ ಕಂಪ್ಯೂಟರಲ್ಲೂ ಇರೋದು ನಿಮ್ಮ ಸಾಲಂತೆ. ಹೌದಾ ಅಣ್ಣ?”

“ಹೌದಮ್ಮ.”

“ಒತ್ತಿದ್ರೆ ತಾನೇ ಬಂದುಬಿಡುತ್ತಂತಲ್ಲ. ಅವಸರದಲ್ಲಿ ನೀವು ನೋಡಿರಲಿಕ್ಕಿಲ್ಲ. ಅಲ್ವಾ?”

ಅವಳು ಬಾಗಿಲು ತೆರೆದಿಟ್ಟಿದ್ದಳು. ಹ್ಞೂಂ ಎಂದರೆ ಮುಗಿಯುತ್ತಿತ್ತು. ಅಣ್ಣ ಅಣ್ಣನಾಗಿಯೇ ಉಳಿಯುತ್ತಿದ್ದ, ಬಟ್ಟಲಿಗೆ ಇನ್ನೊಂದು ಸೌಟು ಬೀಳುತ್ತಿತ್ತು. ವಗ್ದಿಗೆ ಯಾಕೋ ಆ ಹ್ಞೂಂ ಬಾಯಿಗೆ ಬರಲಿಲ್ಲ.

“ನೋಡಿದೆ,” ಎಂದ. “ಬೇಕೂಂತಲೇ ಬಿಟ್ಟೆ. ಯಾರಾದ್ರೂ ಓದ್ತಾರೆ, ಇವನನ್ನ ಬಿಡ್ತಾರೆ ಅಂತ. ಒಳ್ಳೇದಕ್ಕೇ ಬಿಟ್ಟೆನಮ್ಮ.”

ಚಾಕು ನಿಂತಿತು. “ಅವತ್ತು ಕೋರ್ಟಲ್ಲಿ ನನ್ನ ಪಕ್ಕದಲ್ಲೇ ನಿಂತಿದ್ರಿ.”

“ಇದ್ದೆ.”

“ಪರೀಕ್ಷೆ ಇದೆ ಅಂತ ವಕೀಲರು ಓದಿದಾಗಲೂ. ಇನ್ನೇನಾದ್ರೂ ಹೇಳೋದಿದೆಯಾ ಅಂತ ಜಡ್ಜು ಕೇಳಿದಾಗಲೂ.”

“ಇದ್ದೆ.”

ಇಹ್ಸಾನ್ ಅವನ ಮುಂದಿದ್ದ ಬಟ್ಟಲನ್ನು ತೆಗೆದುಕೊಂಡು, ಒಳಗಿದ್ದುದನ್ನು ಹಂಡೆಗೆ ಸುರಿದಳು. ಕೂಗಲಿಲ್ಲ, ಶಪಿಸಲಿಲ್ಲ. ಕೂಗಿದ್ದರೆ ಅವನಿಗೆ ಎಷ್ಟೋ ಹಿತವಾಗುತ್ತಿತ್ತು.

“ನನ್ನ ಗಂಡನಿಗೆ ಒಂದು ಕೈ ಇಲ್ಲ ಅನ್ನೋದು ಊರಿಗೆಲ್ಲ ಗೊತ್ತಿತ್ತು,” ಎಂದಳು. “ನಿಮಗೆ ಬಾಯಿಲ್ಲ ಅನ್ನೋದು ನನಗೆ ಗೊತ್ತಿರಲಿಲ್ಲ.”

ಅಷ್ಟು ಹೇಳಿ ಮುಂದಿನ ಗಿರಾಕಿಯತ್ತ ತಿರುಗಿದಳು. ಠಾಣೆಯ ಕಿಟಕಿಯಿಂದ ಬಾಹೆರ್ ಕೂಗಿದ, “ವಗ್ದೀ, ಎಲ್ಲಿ ಸತ್ತೆ? ಒಬ್ಬನನ್ನ ತಂದಿದ್ದಾರೆ, ಬಾ.”

ವಗ್ದಿ ಒಳಗೆ ಹೋದ. ಬೆಂಚಿನ ಮೇಲೆ ಒಬ್ಬ ಗೋಡೆಗೆ ಮುಖ ಮಾಡಿ ಕೂತಿದ್ದ. ವಗ್ದಿ ಮೊದಲು ಅವನ ಕೈಗಳನ್ನು ನೋಡಿದ. ಎರಡೂ ಇದ್ದವು. ಕುರ್ಚಿ ಎಳೆದುಕೊಂಡು ಕೂತು ಮೀಮ್, ಕಾಫ್ ಒತ್ತಿದ.